ಕಂದು ಚಿಟ್ಟೆಗೆಂದು ಕೇಳಿದ ಬಿದಿರು

ಮೂರಡಿ ಜಾಗ ಹೋಯಿತು. ಅಗಲಕ್ಕೆ ಮೂರಡಿ, ಉದ್ದಕ್ಕೆ ನಮ್ಮ ಹಿತ್ತಲು ಎಷ್ಟಿದೆಯೋ ಅಷ್ಟೂ. ಕೊಳ್ಳೇಗಾಲದಲ್ಲಿ ಈಚೆಗೆ ಸೈಟು ಕೊಂಡವರಿಗೆ ಮೂರಡಿ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬಚ್ಚಲುಮನೆ ಏಳುವ ಜಾಗ ಅದು. ಅದನ್ನು ಪಕ್ಕದ ಸೈಟಿನವನ ಲಾರಿ ತಿರುಗಲಿಕ್ಕೆ ಬಿಟ್ಟುಕೊಟ್ಟೆ. ಬದಲಿಗೆ ದುಡ್ಡು ಕೇಳಲಿಲ್ಲ. ಅವನ ಸೈಟಿನ ಮೂಲೆಯಲ್ಲಿದ್ದ ಬಿದಿರು ಮೆಳೆ ಕಡಿಯಬೇಡ ಅಂತ ಕೇಳಿದೆ. ಬಿದಿರು ಯಾಕೆ ಬೇಕಾಗಿತ್ತು ಅಂದರೆ ಅದರ ನೆರಳಲ್ಲಿ ಕಂದು ಬಣ್ಣದ ಚಿಟ್ಟೆಗಳಿದ್ದವು. ಚಿಟ್ಟೆ ಯಾಕೆ ಬೇಕಾಗಿತ್ತು ಅಂದರೆ, ನನ್ನ ಹೆಂಡತಿ ಹಾಸಿಗೆ ಬಿಟ್ಟು ಏಳುತ್ತಿದ್ದದ್ದು ಅವನ್ನು ನೋಡುವುದಕ್ಕೆ ಮಾತ್ರ.

ನಾನು ದನದ ದಲ್ಲಾಳಿ. ಯಳಂದೂರು ತಾಲ್ಲೂಕಿನ ಹಳ್ಳಿಯಲ್ಲಿ ಹುಟ್ಟಿ, ಬೇರೆಯವರ ದನ ಹೊಡೆದುಕೊಂಡು ಸಂತೆಯಿಂದ ಸಂತೆಗೆ ನಡೆಯುತ್ತ ಈ ಕಸುಬು ಕಲಿತವನು. ಹಲ್ಲು ನೋಡಿ ವಯಸ್ಸು ಹೇಳುವುದು, ಸುಳಿ ನೋಡಿ ಗುಣ ಹೇಳುವುದು, ಮಾರುವವನ ಮುಖ ನೋಡಿ ಅವನ ಮನೆಯಲ್ಲಿ ಅವಸರ ಎಷ್ಟಿದೆ ಅಂತ ಹೇಳುವುದು, ಯಾವುದನ್ನೂ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಟ್ರ್ಯಾಕ್ಟರ್ ಬಂದು ದನ ಕಮ್ಮಿಯಾದ ಮೇಲೆ ಸೈಟು, ಜಮೀನಿನ ವ್ಯವಹಾರವನ್ನೂ ಕುದುರಿಸಿಕೊಂಡೆ. ಊರಂಚಿನ ಈ ಮನೆ ಎದ್ದದ್ದು ಅದರಿಂದಲೇ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ವ್ಯಾಪಾರ ಗೊತ್ತಿಲ್ಲದವನು ಮೋಸ ಹೋದ ಅಂತ ನೀವು ಅಂದುಕೊಳ್ಳಬಾರದು. ಮೋಸ ನಡೆಯಲಿಲ್ಲ. ನಾನು ಕೇಳಿದ್ದನ್ನು ಅವನು ಕೊಟ್ಟ. ಕೊಟ್ಟ ಮಾತಿಗೆ ಈಗಲೂ ನಿಂತಿದ್ದಾನೆ.

ನನ್ನ ಹೆಂಡತಿ ಮದುವೆಗೆ ಮುಂಚಿನಿಂದ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಡೆ ಕೆಲಸಕ್ಕೆ ಹೋದವಳು. ಮನೆ ಎದ್ದು ಕೈ ಸ್ವಲ್ಪ ಸಡಿಲವಾದ ಮೇಲೂ ಬಿಡಲಿಲ್ಲ. ಕುದಿಯುವ ತೊಟ್ಟಿ, ಮುಖಕ್ಕೆ ಹೊಡೆಯುವ ಹಬೆ, ಬೆಂದ ಹುಳದ ವಾಸನೆ. ಸಾಯಂಕಾಲ ಮನೆಗೆ ಬಂದು ಸೀರೆ ಬದಲಾಯಿಸಿದರೂ ಆ ವಾಸನೆ ಕೂದಲಲ್ಲಿ ಇರುತ್ತಿತ್ತು. ಮೊದಲು ಕೆಮ್ಮು ಬಂತು, ಆಮೇಲೆ ಮೆಟ್ಟಿಲು ಹತ್ತುವಾಗ ನಿಲ್ಲುವುದು ಬಂತು, ಆಮೇಲೆ ಮಾತಿನ ಮಧ್ಯೆ ನಿಲ್ಲುವುದು. ಮೈಸೂರಿನ ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು ನೋಡಿ, ಹೋದ ಭಾಗ ಹೋಯಿತು, ಉಳಿದದ್ದನ್ನು ಉಳಿಸಿಕೊಳ್ಳಬೇಕಾದರೆ ದಿನಾ ನಡೆಯಬೇಕು, ಮಲಗಿಬಿಟ್ಟರೆ ಅದೂ ಹೋಗುತ್ತದೆ ಅಂದರು. ಔಷಧಿಗಿಂತ ನಡಿಗೆ ಮುಖ್ಯ ಅಂತ ಎರಡು ಸಲ ಹೇಳಿದರು.

ಇವಳು ಮನೆಗೆ ಬಂದು ಮಲಗಿದಳು. ಉಸಿರು ಸಿಕ್ಕದೆ ಬೀದಿಯಲ್ಲಿ ನಿಂತುಕೊಳ್ಳುವ ನಾಚಿಕೆಗೆ ಹೊರಗೆ ಕಾಲಿಡುವುದನ್ನೇ ಬಿಟ್ಟಳು. ನಾನು ಬೇಡಿಕೊಂಡೆ, ರೇಗಿದೆ, ಕೊನೆಗೆ ನನಗೆ ಬರುವ ವಿದ್ಯೆಯನ್ನೇ ತೆಗೆದೆ.

"ಬೀದಿ ಕೊನೇಗಂಟ ಬಾ. ಬಂದ್ರೆ ಬಳೆ ಕೊಡಿಸ್ತೀನಿ ಕಣಮ್ಮಿ."

"ಯಾಕ, ನಾನೇನು ಸಂತೆ ಅಸುವಾ ನಡೆಸಿ ನೋಡಕ್ಕೆ? ಆ ದಲ್ಲಾಳಿ ಮಾತ ಹೊರಗಡೆ ಇಟ್ಕಳಿ. ನಾಳೆ ನನ್ ಹಲ್ಲು ಎಣ್ಸಕ್ಕೂ ಬಂದೀರಿ."

ಹೀಗೆ ದಿನ ಹೋಗುತ್ತಿರುವಾಗ ಒಂದು ಮುಚ್ಚಂಜೆ ಟ್ಯೂಬ್‌ಲೈಟು ಹಾಕಿದಾಗ ಕಿಟಕಿಯಿಂದ ಏನೋ ಒಳಗೆ ಬಂದು ಗೋಡೆಗೆ ಅಂಟಿತು. ಒಣಗಿದ ಎಲೆ ಅಂದುಕೊಂಡು ಪೊರಕೆ ತೆಗೆದುಕೊಂಡೆ.

"ತಡೀರಿ! ಆ ಎಲೆಗೆ ಕಾಲು ಅವ," ಅಂದಳು ಇವಳು.

ನೋಡಿದರೆ ಹೌದು. ಮುಚ್ಚಿದ ರೆಕ್ಕೆ, ತುದಿ ಕತ್ತರಿಸಿದಂತೆ ಮೊನೆ, ಕೆಳಗೊಂದು ಸಣ್ಣ ಬಾಲ, ಮಧ್ಯೆ ಎಲೆಯ ನರದಂಥ ಗೆರೆ. ನಮ್ಮ ಮಹಡಿಯ ರೂಮಿನಲ್ಲಿ ಬಾಡಿಗೆಗಿದ್ದ ಟೀಚರಮ್ಮನನ್ನು ಕರೆದೆವು. ಆಕೆ ಹನೂರಿನ ಕಡೆ ಒಂದು ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಬಂದವರೇ ಖುಷಿಯಾಗಿ ಹೋದರು.

"ಈವ್ನಿಂಗ್ ಬ್ರೌನ್, ಆಂಟಿ. ಹೊತ್ತು ಮುಳುಗುವಾಗ ಹಾರತ್ತೆ. ಹಗಲೆಲ್ಲ ಒಣಗೆಲೆ ಮಧ್ಯೆ ಎಲೆ ಥರಾನೇ ಬಿದ್ಕೊಂಡಿರತ್ತೆ."

"ನನ್ನಂಗೇ ಅನ್ನಿ," ಅಂದಳು ಇವಳು. ಎಷ್ಟೋ ದಿನದ ಮೇಲೆ ನಗುತ್ತ ಕೆಮ್ಮಿದಳು.

ಮರುದಿನ ಬೆಳಿಗ್ಗೆ ನಾನು ಕಾಫಿ ತರುವಷ್ಟರಲ್ಲಿ ಹಾಸಿಗೆ ಖಾಲಿ. ಗೋಡೆ ಹಿಡಿದುಕೊಂಡು ಹಿತ್ತಲ ಬಾಗಿಲವರೆಗೆ ಹೋಗಿ ಕೂತಿದ್ದಳು. ಹಗಲು ಅದು ಎಲ್ಲಿ ಮಲಗಿರುತ್ತದೆ ಅಂತ ನೋಡಬೇಕಿತ್ತಂತೆ.

ಅಲ್ಲಿಂದ ಶುರು. ಟೀಚರಮ್ಮ ಒಂದು ಬಣ್ಣದ ಚಿತ್ರಗಳ ಪುಸ್ತಕ ಕೊಟ್ಟರು. ಇವಳಿಗೆ ಇಂಗ್ಲಿಷ್ ಬರದು, ಚಿತ್ರ ನೋಡಿ ತನ್ನದೇ ಹೆಸರಿಟ್ಟುಕೊಂಡಳು. ಹಳದಿ, ನೀಲಿ, ಕೆಂಪಿನವು ಇವಳಿಗೆ ಬೇಡ. "ಅವು ಬುಡಿ, ಜಾತ್ರೆಗೆ ಹೊಂಟವ. ಎಲ್ರೂ ನೋಡ್ತಾರ," ಅನ್ನುತ್ತಿದ್ದಳು. ಕಂದು ಬಣ್ಣದವೇ ಬೇಕು. ಕಂದು ಅಂದರೆ ಎಲ್ಲ ಒಂದೇ ಅಂತ ನಾನಂದುಕೊಂಡಿದ್ದೆ, ಮಂದೆಯಲ್ಲಿ ದನ ನೋಡಿದ ಪಟ್ಟಣದವರು ಅಂದುಕೊಳ್ಳುವಂತೆ. ಅಲ್ಲ. ಹತ್ತಿರ ಹೋಗಿ ನಿಂತರೆ ಒಂದೊಂದಕ್ಕೂ ಒಂದು ಮನೆ, ಒಂದು ನಡತೆ. ನಮ್ಮ ಬೇಲಿಯ ಹರಳು ಗಿಡದಲ್ಲಿ ಒಂದು ಇರುತ್ತಿತ್ತು, ಇಟ್ಟಿಗೆ ಬಣ್ಣ, ಮೈತುಂಬ ಅಲೆಅಲೆಯಾದ ಗೆರೆ. ಅದು ಬಿಸಿಲಿಗೆ ರೆಕ್ಕೆ ಚಪ್ಪಟೆಯಾಗಿ ಹರಡಿ ಕೂರುತ್ತಿತ್ತು. ಬಯಲಿನ ಗಿಡ್ಡ ಹುಲ್ಲಿನಲ್ಲಿ ಬೆರಳುಗುರಿನಷ್ಟೇ ಅನ್ನಿಸುವ ಇನ್ನೊಂದು, ಬೂದಿಗಂದು, ರೆಕ್ಕೆಯ ಅಡಿ ಹಳದಿ ಉಂಗುರಗಳು. ಕುಪ್ಪಳಿಸಿದ ಹಾಗೆ ಹಾರುತ್ತಿತ್ತು. ಅದಕ್ಕೆ 'ಉಂಗುರದೋಳು' ಅಂತ ಹೆಸರು. ಮುಚ್ಚಂಜೆಯದ್ದು 'ಒಣಗೆಲೆ'. ಮತ್ತೊಂದಿತ್ತು, ಇವಳಿಗೆ ಎಲ್ಲಕ್ಕಿಂತ ಬೇಕಾದದ್ದು. ಒದ್ದೆ ಮಣ್ಣಿನ ಕಂದು, ರೆಕ್ಕೆಯ ಅಂಚಿನುದ್ದಕ್ಕೂ ಕಣ್ಣಿನಂಥ ಬೊಟ್ಟುಗಳು, ಬೊಟ್ಟಿನ ಸಾಲಿಗೆ ಒಳಗಡೆ ಮೇಲಿಂದ ಕೆಳಕ್ಕೆ ಒಂದು ಬಿಳಿ ಗೆರೆ. ನೆರಳು ಬಿಟ್ಟು ಬಾರದು. ಮೊಣಕಾಲಿಗಿಂತ ಮೇಲೆ ಹಾರದು. ಅದನ್ನು 'ಬೊಟ್ಟಿನಮ್ಮ' ಅಂತ ಕರೆದಳು.

ಈ ಬೊಟ್ಟಿನಮ್ಮ ಇದ್ದದ್ದು ಪಕ್ಕದ ಖಾಲಿ ಸೈಟಿನ ಬಿದಿರು ಮೆಳೆಯಡಿ. ಆಗ ನಮಗೂ ಅದಕ್ಕೂ ಮಧ್ಯೆ ಗೋಡೆಯಿರಲಿಲ್ಲ. ಹಿತ್ತಲ ಬಾಗಿಲಿಂದ ಮೆಳೆಯವರೆಗೆ ಹೋಗಿ ಬರುವುದೇ ಇವಳ ನಡಿಗೆಯಾಯಿತು. ಮಧ್ಯೆ ಒಂದು ಬಟ್ಟೆ ಒಗೆಯುವ ಕಲ್ಲಿತ್ತು, ಅದರ ಮೇಲೆ ಕೂತು ಸುಧಾರಿಸಿಕೊಳ್ಳುವಳು. ಕೆಲವು ತಿಂಗಳಾದ ಮೇಲೆ ಕಲ್ಲಿನ ಮೇಲೆ ಕೂರದೆ ಹೋಗಿಬಿಡುತ್ತಿದ್ದಳು. ಮುಂದಿನ ಸಲ ಡಾಕ್ಟರು ಕೊಳವೆ ಊದಿಸಿ ಉಸಿರು ಅಳೆದು ನೋಡಿ, ಏನು ಮಾಡುತ್ತಿದ್ದೀರೋ ಅದನ್ನೇ ಮಾಡಿ ಅಂದರು. ಏನು ಮಾಡುತ್ತಿದ್ದೇವೆ ಅಂತ ನಾನು ಹೇಳಲಿಲ್ಲ. ನಾಚಿಕೆಯಾಯಿತು.

"ಜಲ್ಮೆಲ್ಲ ಹುಳ ಬೇಯ್ಸಿದ್ದೇ ಬಂತು. ರೆಕ್ಕೆ ಬಂದದ್ದ ಈಗ ನೋಡ್ತಾ ಇವ್ನಿ," ಅಂದಳು ಒಂದು ದಿನ. ದುಃಖದಿಂದ ಅಂದದ್ದಲ್ಲ. ಅಡುಗೆಗೆ ಉಪ್ಪು ಕಮ್ಮಿಯಾಗಿದೆ ಅನ್ನುವ ಹಾಗೆ ಅಂದಳು.

ಬೇಸಿಗೆ ಬಂದಾಗ ಒಂದು ಗಾಬರಿಯಾಯಿತು. ಬೊಟ್ಟಿನಮ್ಮ ಕಾಣೆ. ಮೆಳೆಯಡಿ ಹಾರುತ್ತಿದ್ದವು ಯಾವುವೋ ಮಂಕು ಬಣ್ಣದವು, ಬೊಟ್ಟಿಲ್ಲ, ಗೆರೆ ಇದ್ದೂ ಇಲ್ಲದ ಹಾಗೆ. ಇವಳು ಮಂಕಾದಳು. ಟೀಚರಮ್ಮ ನೋಡಿ ನಕ್ಕರು.

"ಅವೇ ಆಂಟಿ ಇವು. ಮಳೆಗಾಲದಲ್ಲಿ ಹುಟ್ಟಿದ್ದಕ್ಕೆ ಬೊಟ್ಟು ದೊಡ್ಡದು. ಬೇಸಿಗೇಲಿ ಹುಟ್ಟಿದ್ದಕ್ಕೆ ಚುಕ್ಕೆ ಥರ ಉಳಿಯತ್ತೆ, ಇಲ್ಲಾ ಉಳಿಯೋದೇ ಇಲ್ಲ. ಒಣಗೆಲೆ ಮೇಲೆ ಕೂತ್ರೆ ಹಕ್ಕಿಗೆ ಕಾಣಬಾರದಲ್ಲ."

ನನಗೆ ಇದು ಒಪ್ಪಿಗೆಯಾಗಲಿಲ್ಲ. ಕಾಲಕ್ಕೆ ತಕ್ಕಂತೆ ಸುಳಿ ಅಳಿಸಿಕೊಳ್ಳುವ ದನವನ್ನು ನಾನು ಕಂಡಿಲ್ಲ. ಹಾಗೆ ಅಂದೆ. "ನಿಮ್ಮ ದನಕ್ಕೆ ಅಷ್ಟು ಬುದ್ಧಿ ಇದ್ದಿದ್ರೆ ನಿಮ್ ಕೈಗೆ ಯಾಕ ಸಿಕ್ತಿತ್ತು?" ಅಂದಳು ಇವಳು. ಟೀಚರಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು. ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಬೊಟ್ಟುಗಳು ನಿಜಕ್ಕೂ ವಾಪಸು ಬಂದವು.

ಆ ಪುಸ್ತಕದಲ್ಲಿ ಇನ್ನೊಂದು ಚಿತ್ರವಿತ್ತು. ಬಿಳಿಗಿರಿರಂಗನ ಬೆಟ್ಟದ ಕಡೆ ಬಿದಿರಿನಲ್ಲಿ ಇರುವಂಥದ್ದು ಅಂತ ಟೀಚರಮ್ಮ ಹೇಳಿದ್ದರು. ಅದೂ ಕಂದು, ಅದಕ್ಕೂ ಅಂಚಿನಲ್ಲಿ ಬೊಟ್ಟಿನ ಸಾಲು, ಅದಕ್ಕೂ ಒಂದು ಬಿಳಿ ಪಟ್ಟಿ. ಅದರ ಹುಳ ಬಿದಿರಿನ ಎಲೆಯನ್ನೇ ತಿಂದು ಬೆಳೆಯುವುದಂತೆ. ಇವಳು ಚಿತ್ರದ ಮೇಲೆ ಬೆರಳಿಟ್ಟು, "ಇವಳೇ ಅವಳು. ಬೆಟ್ಟದಲ್ಲಿ ದಪ್ಪ ಆಗವ್ಳೆ, ಇಲ್ಲಿ ಸೊರಗವ್ಳೆ ಅಷ್ಟೇ," ಅಂದಳು. ನಾನೂ ಬಗ್ಗಿ ನೋಡಿದೆ. ಬೊಟ್ಟಿದೆ, ಬಿಳಿ ಗೆರೆಯಿದೆ, ಇರುವುದು ಬಿದಿರಡಿ. ಸರಿ ಅಂದೆ. ನಮ್ಮ ದನದಲ್ಲೂ ಅಷ್ಟೇ, ಮೇವಿದ್ದಲ್ಲಿ ಮೈ ತುಂಬುತ್ತದೆ, ಇಲ್ಲದಲ್ಲಿ ಒಣಗುತ್ತದೆ, ತಳಿ ಒಂದೇ. ಇಬ್ಬರಿಗೂ ಅನುಮಾನ ಬರಲಿಲ್ಲ. ಟೀಚರಮ್ಮ ಆಗ ವರ್ಗವಾಗಿ ತಮ್ಮ ಊರಿನ ಕಡೆ ಹೋಗಿಯಾಗಿತ್ತು. ಪುಸ್ತಕ ಇವಳಿಗೇ ಬಿಟ್ಟು ಹೋಗಿದ್ದರು.

ಆಮೇಲೆ ಸೈಟು ಮಾರಾಟವಾಯಿತು. ಕೊಂಡವನು ಹನೂರು ಕಡೆಯ ಅರಿಶಿನದ ವ್ಯಾಪಾರಿ. ಪಾಲಾರ್ ಗಡಿ ದಾಟಿಸಿ ತಮಿಳುನಾಡಿನ ಮಂಡಿಗೆ ಸರಕು ಹಾಕುವವನು. ಮನೆ, ಹಿಂದೆ ಒಂದು ಗೋಡೌನು ಕಟ್ಟುವ ಯೋಚನೆ. ಪರಿಚಯಕ್ಕೆ ಬಂದು ನಮ್ಮ ಜಗಲಿಯ ಮೇಲೆ ಕೂತು, ಮುಂದಿನ ವಾರ ಜೆಸಿಬಿ ಬಿಟ್ಟು ಬಿದಿರು ಕೀಳಿಸುತ್ತೇನೆ ಅಂದ. ಒಳಗೆ ಪಾತ್ರೆಯ ಸದ್ದು ನಿಂತಿತು.

ಅವನು ಹೋದ ಮೇಲೆ ಇವಳು ಬಂದು ನನ್ನ ಎದುರು ನಿಂತಳು. ಮದುವೆಯಾದಾಗಿನಿಂದ ಇಂಥದ್ದು ಬೇಕು ಅಂತ ಬಾಯಿಬಿಟ್ಟು ಕೇಳಿದವಳಲ್ಲ.

"ಆ ಬಿದಿರೊಂದ ಉಳಿಸ್ಕೊಡಿ. ಇನ್ನೇನೂ ಕೇಳಲ್ಲ ನಿಮ್ಮ."

"ಅದೆಷ್ಟರ ಮಾತು ಬುಡು," ಅಂದೆ. ನನಗೆ ನಿಜವಾಗಿ ಹಾಗೇ ಅನ್ನಿಸಿತ್ತು. ಕೊಡದವನ ಕೈಯಿಂದ ಎತ್ತು ಬಿಡಿಸಿಕೊಂಡು ಬಂದವನು ನಾನು. ಒಂದು ಮೆಳೆ ಬಿಡಿಸಲಾರೆನೆ?

ಅವನಿಗೆ ಏನು ಬೇಕು ಅಂತ ಮೊದಲು ನೋಡಿಕೊಂಡೆ. ಲಾರಿ ಗೋಡೌನಿಗೆ ತಿರುಗಬೇಕಾದರೆ ದಾರಿ ಇಕ್ಕಟ್ಟು. ನಮ್ಮ ಹಿತ್ತಲ ಪಕ್ಕ ಸ್ವಲ್ಪ ಸಿಕ್ಕರೆ ಸಲೀಸು. ಅಲ್ಲಿಗೆ ನನ್ನ ಕೈಯಲ್ಲೊಂದು ಹಗ್ಗ ಸಿಕ್ಕ ಹಾಗಾಯಿತು. ಅವನೂ ಮಂಡಿಯವನು, ನಾನೂ ಸಂತೆಯವನು. ಮಾತಿನಲ್ಲಿ ಹೊಡೆದಾಡುವ ಬದಲು ಹಳೆಯ ರೀತಿಯಲ್ಲೇ ಮುಗಿಸೋಣ ಅಂತ ಅವನೇ ಹೆಗಲ ಟವಲು ತೆಗೆದ. ಟವಲಿನ ಅಡಿಯಲ್ಲಿ ಕೈಗೆ ಕೈ ಕೊಟ್ಟೆವು. ಬೆರಳು ಹಿಡಿದು ಲೆಕ್ಕ ಹೇಳುವ ಈ ಪದ್ಧತಿ ನೋಡದವರಿಗೆ ಹೇಳುತ್ತೇನೆ: ಬಾಯಲ್ಲಿ ಊರ ಮಾತು ನಡೆಯುತ್ತಿರುತ್ತದೆ, ವ್ಯಾಪಾರ ಬೆರಳಿನಲ್ಲಿ ನಡೆಯುತ್ತದೆ, ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಒಂದು ಬೆರಳಿಗೆ ಒಂದಡಿ. ಅವನು ನನ್ನ ಐದೂ ಬೆರಳು ಹಿಡಿದ. ನಾನು ಅವನ ಒಂದು ಬೆರಳು ಒತ್ತಿದೆ. ಅವನು ನಕ್ಕ. ಈ ವರ್ಷದ ಮಳೆಯ ಮಾತಾಡುತ್ತ ನಾಲ್ಕು ಹಿಡಿದ. ನಾನು ಎರಡರಲ್ಲಿ ಬಿಗಿಯಾಗಿ ನಿಂತೆ. ಕೊನೆಗೆ ಮೂರಕ್ಕೆ ಇಬ್ಬರ ಕೈಯೂ ಸುಮ್ಮನಾಯಿತು.

"ಮೂರಕ್ಕೆ ಬಿದಿರು," ಅಂದೆ.

"ಒಂದು ಗಳ ಮುಟ್ಟಲ್ಲಣ್ಣಾ. ಬೇರಿಗೂ ಗಾಯ ಆಗಕ್ಕೆ ಬುಡಲ್ಲ. ಸರಿಯಾ?"

"ಸರಿ."

ಕೈ ಬಿಟ್ಟೆವು. ಕೈ ಬಿಟ್ಟ ಮೇಲೆ ಮಾತು ಸೇರಿಸುವ ಹಾಗಿಲ್ಲ, ತೆಗೆಯುವ ಹಾಗಿಲ್ಲ. ಸೇರಿಸಿದವನ ಜೊತೆ ನಮ್ಮಲ್ಲಿ ಮತ್ತೆ ಯಾರೂ ಟವಲು ಹಾಕುವುದಿಲ್ಲ.

ಅವನು ಮಾತಿಗೆ ನಿಂತ. ಕಾಂಪೌಂಡು ಕಟ್ಟುವಾಗ ಮೇಸ್ತ್ರಿ ನೇರ ಗೆರೆ ಹಾಕಿದ್ದನ್ನು ಅಳಿಸಿ, ಮೆಳೆಯನ್ನು ಬಳಸಿ ಗೋಡೆ ಬಾಗಿಸಿದ. ನಮ್ಮ ಹಿತ್ತಲಿಂದ ಹೋಗಿಬರಲು ಒಂದು ಸಣ್ಣ ಗೇಟು ತಾನಾಗಿ ಇಡಿಸಿದ. ನಾನು ಕೇಳಿರಲಿಲ್ಲ. ಆ ಸಮಯದಲ್ಲಿ ಮರಳು, ಸಿಮೆಂಟಿನ ಧೂಳಿಗೆ ಇವಳನ್ನು ಹೊರಗೆ ಬಿಡಲಿಲ್ಲ, ಮುಗಿಯಲಿ ಅಂತ ಕಾದೆವು. ಮುಗಿದ ದಿನ ಅವನೇ ಬಂದು ಕರೆದ.

"ಅಕ್ಕಾ, ಬನ್ನಿ. ನಿಮ್ ಬಿದಿರು ಎಂಗದ ನೋಡಿ."

ಹೋದೆವು. ಬಿದಿರು ಒಂದು ಗಳವೂ ಕಮ್ಮಿಯಿಲ್ಲದೆ ನಿಂತಿತ್ತು. ಅದರಡಿಯ ನೆಲ ಅಂಗಳದ ಹಾಗೆ ಬೋಳು. ಮೊದಲಿದ್ದ ಮೊಣಕಾಲುದ್ದದ ಹುಲ್ಲು ಇಲ್ಲ. ವರ್ಷಗಟ್ಟಲೆ ಬಿದ್ದ ತರಗು ಒಂದು ಮೂಲೆಯಲ್ಲಿ ಸುಟ್ಟ ಬೂದಿ. ನೆಲದ ಮೇಲೆಲ್ಲ ಜಲ್ಲಿಪುಡಿ ಹರಡಿ ತಟ್ಟಿದ್ದರು. ಮಧ್ಯದಲ್ಲಿ ಸಿಮೆಂಟಿನ ಹೊಸ ಬೆಂಚು, ಒರಗಲು ಬೆನ್ನು ಬೇರೆ.

"ಕಳೆ ಔಷಧಿ ಹೊಡಿಸಿವ್ನಿ ಅಣ್ಣಾ, ಇನ್ನು ಒಂದು ಉಲ್ಲು ಉಟ್ಟಲ್ಲ. ಅಕ್ಕ ಆ ಕಸದಲ್ಲಿ ನಿಂತ್ಕಂಡು ನೋಡ್ತಿದ್ರಲ್ಲ, ನಂಗೆ ಜೀವ ಜುಂ ಅಂತಿತ್ತು. ಇಲ್ಲಿ ಕೂತ್ಕಂಡು ಆರಾಮಾಗಿ ನೋಡ್ಲಿ."

ಇವಳು ಬೆಂಚಿನ ಮೇಲೆ ಕೂತಳು. ಸೆರಗಿನಿಂದ ಹಣೆ ಒರೆಸಿಕೊಂಡು, "ಚೆಂದ ಮಾಡ್ಸಿದ್ದೀಯ ಕಣಪ್ಪಾ," ಅಂದಳು.

ಮಳೆ ಬಂದು ನಿಂತಿದ್ದ ಕಾಲ ಅದು, ಬೊಟ್ಟಿನಮ್ಮಗಳು ತುಂಬಿರಬೇಕಾದ ಹೊತ್ತು. ದಿನಾ ಬೆಳಿಗ್ಗೆ ಹೋಗಿ ಕೂತಳು. ಬಿಳಿಯವು ಎರಡು ದಾರಿಹೋಕರ ಹಾಗೆ ಗೋಡೆಯಾಚೆಯಿಂದ ಬಂದು ಹೋದವು. ಕಂದು ಬರಲಿಲ್ಲ. ಬಿದಿರಿದೆಯಲ್ಲ, ಧೂಳಿಗೆ ಹೆದರಿ ಹೋದವು ಬಂದೇ ಬರುತ್ತವೆ ಅಂತ ನಾನು ಹೇಳುತ್ತಿದ್ದೆ. ಕೊಳೆತ ಬಾಳೆಹಣ್ಣು ಇಟ್ಟರೆ ಬರುತ್ತವೆ ಅಂತ ಎಲ್ಲೋ ಕೇಳಿ, ಸಂತೆಯಿಂದ ಕರಿಹಿಡಿದ ಚಿಪ್ಪು ತಂದಿಟ್ಟೆ. ನೊಣ ಬಂದವು, ಕಣಜ ಬಂತು. ಅರಿಶಿನದವನ ಹೆಂಡತಿ ಮೂಗು ಮುಚ್ಚಿಕೊಂಡು ಹೋದದ್ದನ್ನು ನೋಡಿ ತೆಗೆದುಹಾಕಿದೆ.

ಕೊನೆಗೆ ಟೀಚರಮ್ಮನಿಗೆ ಫೋನು ಮಾಡಿ, ಫೋನಿನಲ್ಲಿದ್ದ ಹಳೆಯ ಫೋಟೋ ಕಳಿಸಿದೆ. ಆಕೆ ತಕ್ಷಣ ವಾಪಸು ಮಾಡಿದರು.

"ಅಂಕಲ್, ಇದು ಬಿದಿರಿಂದಲ್ಲ. ಬುಷ್‌ಬ್ರೌನ್ ಅಂತ, ಬೇರೆ. ಬಿದಿರಿಂದು ಇದರ ಎರಡರಷ್ಟು ಇರತ್ತೆ, ಅದರ ಬಿಳಿ ಪಟ್ಟಿ ಮುಂದಿನ ರೆಕ್ಕೇಲಿ ದಪ್ಪಗೆ ಓರೆಯಾಗಿರತ್ತೆ. ಇದರ ಹುಳ ತಿನ್ನೋದು ಹುಲ್ಲು. ಬಿದಿರು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ನೆರಳು, ನೆರಳಲ್ಲಿ ಹುಲ್ಲು, ಕೆಳಗೆ ತರಗೆಲೆ, ಇಷ್ಟೇ ಬೇಕು ಇದಕ್ಕೆ."

ಇವಳು ಪಕ್ಕದಲ್ಲೇ ಕೂತಿದ್ದಳು. ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದಳು.

ಅವತ್ತು ಸಾಯಂಕಾಲ ಪಕ್ಕದ ಮನೆಗೆ ಹೋದೆ. ಹೋಗಬಾರದು ಅಂತ ಗೊತ್ತಿದ್ದೂ ಹೋದೆ. ಕೂರಿಸಿ ಟೀ ಕೊಟ್ಟರು. ಬಿದಿರಡಿ ಒಂದು ಚೂರು ಹುಲ್ಲು ಬೆಳೆಯಲು ಬಿಡುತ್ತೀಯಾ, ತರಗು ಗುಡಿಸದೆ ಇರುತ್ತೀಯಾ ಅಂತ ಕೇಳಿದೆ. ಅವನು ನನ್ನನ್ನೇ ನೋಡಿದ.

"ಅಣ್ಣಾ, ಕೈ ಬುಟ್ಟ ಮೇಲೆ ಅಗ್ಗ ಕೇಳ್ತೀರಾ?"

ನಮ್ಮ ಕಡೆಯ ಸಂತೆಯಲ್ಲಿ ದನ ಕೊಂಡವನಿಗೆ ಹಗ್ಗ ಸೇರುವುದಿಲ್ಲ. ಮಾರಿದವನು ಬಿಚ್ಚಿಕೊಂಡು ಹೋಗುತ್ತಾನೆ. ಬೇಕಿದ್ದರೆ ಕೈ ಬಿಡುವ ಮೊದಲು ಕೇಳಿಕೊಳ್ಳಬೇಕು. ಎಷ್ಟು ಜನ ಹೊಸಬರಿಗೆ ಇದನ್ನು ನಾನೇ ನಗುತ್ತ ಹೇಳಿದ್ದೇನೋ. ಅವನು ತಮಾಷೆಗೇ ಅಂದದ್ದು. ಆಮೇಲೆ ಗಂಭೀರವಾಗಿ, ಗೋಡೆ ಕಟ್ಟುವಾಗ ಆ ತರಗಿನಡಿ ಮಂಡಲದ ಹಾವು ಸಿಕ್ಕಿತು, ಈಗ ಮೊಮ್ಮಗಳು ಅಲ್ಲೇ ಆಡುತ್ತಾಳೆ, ನೀವೇ ಹೇಳಿ ಅಂದ. ಮೊಮ್ಮಗಳು ಬಂದು ಅವನ ತೊಡೆಗೆ ಒರಗಿ ನನ್ನನ್ನು ನೋಡುತ್ತಿದ್ದಳು. ಎದುರಿನವನದು ತಪ್ಪಿದ್ದರೆ ಅದನ್ನು ಹಿಡಿದು ಎಳೆಯಬಹುದು. ಆಸೆಯಿದ್ದರೆ ಅದನ್ನು ತೋರಿಸಿ ಎಳೆಯಬಹುದು. ಇವನಲ್ಲಿ ಹಿಡಿಯಲು ಏನೂ ಸಿಗಲಿಲ್ಲ. ಟೀ ಕುಡಿದು ಎದ್ದು ಬಂದೆ.

ನಮ್ಮ ಹಿತ್ತಲಲ್ಲಿ ಉಳಿದ ಜಾಗದಲ್ಲಿ ಹುಲ್ಲು ಹಾಕಿ ನೋಡಿದೆ. ಹೊಸ ಗೋಡೆಯ ಸುಣ್ಣದ ಬಿಳುಪಿಗೆ ಬಿಸಿಲು ಬಡಿದು ಇಡೀ ಹಿತ್ತಲು ಬಾಣಲೆಯಂತಾಗಿತ್ತು. ಹುಲ್ಲು ಹತ್ತಿತು, ನೆರಳು ಎಲ್ಲಿಂದ ತರಲಿ? ನೆಟ್ಟ ಹೊಂಗೆ ಗಿಡ ಇನ್ನೂ ನನ್ನ ಸೊಂಟದಷ್ಟಿದೆ. ಸೊಳ್ಳೆಪರದೆ ಹರಿದು ಬಲೆ ಮಾಡಿಕೊಂಡು ಮಾಂಬಳ್ಳಿಯ ಕಡೆ ತೋಪಿನಲ್ಲಿ ನಾಲ್ಕಾರು ಹಿಡಿದು ಡಬ್ಬದಲ್ಲಿ ತಂದೂ ಬಿಟ್ಟೆ. ಒಂದು ಡಬ್ಬದಲ್ಲೇ ಸತ್ತಿತ್ತು. ಉಳಿದವು ಗೋಡೆ ಹತ್ತಿ ಆಚೆ ಹೋದವು. "ಮೇವಿಲ್ದ ಕೊಟ್ಟಿಗೇಲಿ ದನ ನಿಂತದಾ?" ಅಂತ ಒಳಗಿನಿಂದ ಕೇಳಿದಳು.

ಇವಳು ಬೆಂಚಿಗೆ ಹೋಗುವುದು ಮೊದಲು ದಿನ ಬಿಟ್ಟು ದಿನವಾಯಿತು. ಆಮೇಲೆ ಅವನು ಕರೆದಾಗ ಮಾತ್ರ, ಅವನು ಬೇಸರ ಮಾಡಿಕೊಳ್ಳಬಾರದು ಅಂತ. ಆಮೇಲೆ ಅದೂ ಇಲ್ಲ. ಮೈಸೂರಿಗೆ ಹೋದಾಗ ಡಾಕ್ಟರು ಊದಿಸಿ ನೋಡಿ, ಯಾಕೆ ನಿಲ್ಲಿಸಿದಿರಿ ಅಂತ ನನ್ನನ್ನು ಕೇಳಿದರು.

ಅಲ್ಲಿಂದ ಬಂದ ವಾರವೇ, ಇಲ್ಲಿ ತರಲಾಗದಿದ್ದರೆ ಇವಳನ್ನೇ ಅಲ್ಲಿಗೆ ಕರೆದುಕೊಂಡು ಹೋಗುವುದು ಅಂತ ನಿರ್ಧಾರ ಮಾಡಿ, ನಮ್ಮ ಬೀದಿಯ ಆಟೋ ಹಿಡಿದು ಮಾಂಬಳ್ಳಿ ಕಡೆಗೆ ಹೊರಟೆವು. ನಾಲೆಯ ಏರಿಯ ಮೇಲೆ ಆಟೋ ಹೋಗುತ್ತದೆ. ಏರಿಯ ಕೆಳಗೆ ಹೊಂಗೆ ಮರಗಳ ಸಾಲು, ನೆರಳಲ್ಲಿ ಹುಲ್ಲು, ಕಾಲು ಹೂಳುವಷ್ಟು ತರಗು. ನಾನು ಬಲೆ ತೆಗೆದುಕೊಂಡು ಬಂದಿದ್ದ ಜಾಗವೇ. ಇಳಿಸಲು ಕೈ ಕೊಟ್ಟೆ. ಇವಳು ಒಂದು ಕಾಲು ಕೆಳಗಿಟ್ಟು ಏರಿಯ ಇಳಿಜಾರನ್ನು ನೋಡಿದಳು. ನಾನೂ ಆಗಲೇ ಅದನ್ನು ನೋಡಿದ್ದು. ನನ್ನ ಕಾಲಿಗೆ ಅದು ಇಳಿಜಾರೇ ಆಗಿರಲಿಲ್ಲ.

"ಇಳಿಯಕ್ಕೇನೋ ಇಳೀಬೌದು. ಹತ್ತಕ್ಕೆ ಯಾರ್ನ ಕರೀತೀರಿ?" ಅಂದು ಮತ್ತೆ ಒಳಗೆ ಕೂತಳು. "ನೀವು ಓಗಿ. ಏನ್ ಕಂಡ್ತೋ ಕೂಗಿ."

ಇಳಿದು ಹೋಗಿ ಹುಲ್ಲಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಒಂದು ಎದ್ದು, ಎರಡು ಮಾರು ಹೋಗಿ ಕೂತಿತು.

"ಒಂದು ಬಂತು ಕಣಮ್ಮಿ!"

"ಕಂದಾ?"

"ಕಂದು."

"ರೆಕ್ಕೆ ಬುಟ್ಕಂಡದಾ, ಮುಚ್ಕಂಡದಾ?"

"ಮುಚ್ಕಂಡದ."

"ತುದಿ ಚೂಪಾ, ಗುಂಡಾ? ಬಾಲ ಅದಾ ನೋಡಿ."

"ಗುಂಡು. ಬಾಲ ಇಲ್ಲ."

"ಬೊಟ್ಟು?"

"ಸಾಲಾಗವ. ಎಣ್ಸಕ್ಕೆ ಬುಡ್ತಾ ಇಲ್ಲ, ಅಲ್ಲಾಡ್ತದ."

"ಅಷ್ಟು ದನ ಎಣ್ಸಿದ್ದೀರಿ, ಇದ ಎಣ್ಸಕ್ಕಾಗಲ್ವಾ! ಬಿಳಿ ಗೆರೆ ಅದಾ?"

"ಅದ. ಮೇಲಿಂದ ಕೆಳಕ್ಕೆ, ಸಣ್ಣಗೆ."

"ಅವಳೇ," ಅಂದದ್ದು ಕೇಳಿಸಿತು. ಆಮೇಲೆ ಕೂಗಿ ಕೂಗಿ ಹತ್ತಿದ ಕೆಮ್ಮು. ನಿಲ್ಲದ ಕೆಮ್ಮು. ಆಟೋದವನು, "ಸಾ, ಬೇಗ ಬನ್ನಿ ಸಾ," ಅಂತ ಕೂಗಿದ. ಹತ್ತಿ ಬರುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ಬಾಯಿಗೆ ಪಂಪಿನ ಔಷಧಿ ಹೊಡೆದು, ಬೆನ್ನು ನೀವುತ್ತ ಕೂತೆ. ಏರಿಯ ಕೆಳಗೆ ಹುಲ್ಲಿನಲ್ಲಿ ಅವು ಇನ್ನೂ ಎದ್ದು ಕೂತು ಎದ್ದು ಕೂತು ಮಾಡುತ್ತಿದ್ದವು. ನನಗೆ ಕಾಣುತ್ತಿತ್ತು. ಇವಳು ಕಣ್ಣು ಮುಚ್ಚಿಕೊಂಡಿದ್ದಳು. ವಾಪಸು ಬರುವಾಗ ಕೊಳ್ಳೇಗಾಲ ಹತ್ತಿರವಾದ ಮೇಲೆ ಒಂದೇ ಮಾತು ಆಡಿದಳು: "ನೀವು ಕಂಡ್ರಿ, ನಾನು ಕೇಳ್ದೆ. ಆಯ್ತು ಬುಡಿ." ಮತ್ತೆ ಕರೆದರೆ ಬರಲಿಲ್ಲ.

ಈಗ ಮಂಚದ ಪಕ್ಕ ಆಮ್ಲಜನಕದ ಮಿಷನ್ನು ಇದೆ. ಕರೆಂಟು ಹೋದರೆ ನನ್ನ ಜೀವ ಹೋದ ಹಾಗಾಗುತ್ತದೆ. ಹಾಸಿಗೆಯಿಂದ ಬಚ್ಚಲವರೆಗೆ ನಡೆಯುತ್ತಾಳೆ, ಅಷ್ಟೇ. ಪುಸ್ತಕ ತೆಗೆಯುವುದಿಲ್ಲ. ಅರಿಶಿನದವನು ಆಗಾಗ ಬಂದು, ಅಕ್ಕ ಯಾಕೆ ಬರುತ್ತಿಲ್ಲ, ಬೆಂಚಿಗೆ ಬಿಸಿಲು ಬೀಳುತ್ತದಾ, ಮೇಲೆ ಶೀಟು ಹಾಕಿಸಲಾ ಅಂತ ಕೇಳುತ್ತಾನೆ. ಬೇಡ ಅನ್ನುತ್ತೇನೆ. ನಾನು ಮೂರು ತಾಲ್ಲೂಕಿನಲ್ಲಿ ಮಾತಾಡಿ ಗೆದ್ದವನು. ಇವಳ ಮಂಚದ ಪಕ್ಕ ಕೂತಾಗ ಯಾರ ಹತ್ತಿರ ಏನು ಕೇಳಬೇಕು ಅಂತ ತಿಳಿಯುವುದಿಲ್ಲ. ಕೊಡುವವರು ಎದುರಿಗೆ ಇದ್ದರೆ ತಾನೆ ಕೇಳುವುದು.

ನನ್ನ ಕೈಯಲ್ಲಿ ಆಗುವುದು ನಿಮಗೆ ನಾಲ್ಕು ಮಾತು ಹೇಳುವುದು. ಕೇಳಿಸಿಕೊಳ್ಳಿ.

ಕಂದು ಚಿಟ್ಟೆ ಕಂಡರೆ ಹೆಸರು ಹೇಳಲು ಅವಸರ ಮಾಡಬೇಡಿ. ಬೊಟ್ಟು, ಗೆರೆ ಎರಡನ್ನೇ ನಂಬಬೇಡಿ, ಕಾಲ ಬದಲಾದರೆ ಅವೂ ಬದಲಾಗುತ್ತವೆ. ಮೊದಲು ಗಾತ್ರ ನೋಡಿ, ನಿಮ್ಮ ಹೆಬ್ಬೆರಳಿನ ಪಕ್ಕ ಇಟ್ಟು ಅಂದಾಜು ಮಾಡಿ. ರೆಕ್ಕೆಯ ತುದಿ ಗುಂಡೋ ಮೊನೆಯೋ ನೋಡಿ. ಬಿಸಿಲಿನದೋ ನೆರಳಿನದೋ, ಹಗಲಿನದೋ ಮುಚ್ಚಂಜೆಯದೋ ನೋಡಿ. ಮುಖ್ಯವಾಗಿ, ಅದು ಕೂತ ಜಾಗ ಬೇರೆ, ಅದರ ಹುಳ ತಿನ್ನುವ ಜಾಗ ಬೇರೆ ಇರಬಹುದು. ಹುಳ ಏನು ತಿನ್ನುತ್ತದೆ ಅಂತ ಗೊತ್ತಾಗುವವರೆಗೆ ನಿಮಗೆ ಆ ಚಿಟ್ಟೆ ಗೊತ್ತಿಲ್ಲ ಅಂತಲೇ ತಿಳಿಯಿರಿ. ಗೊತ್ತಿರುವವರಿಗೆ ಫೋಟೋ ಕಳಿಸಿ ಕೇಳುವುದಕ್ಕೆ ಒಂದು ನಿಮಿಷ ಸಾಕು, ಮಾತು ಕೊಡುವ ಮುಂಚೆ ಕೇಳಿ.

ಅದರ ಜಾಗ ಉಳಿಸಬೇಕೆಂದಿದ್ದರೆ ಮರ ಉಳಿಸಿ ಅಂತ ಮಾತ್ರ ಹೇಳಬೇಡಿ. ಎದುರಿನವರನ್ನು ಜಾಗಕ್ಕೇ ಕರೆದುಕೊಂಡು ಹೋಗಿ, ಬಗ್ಗಿ, ಇಷ್ಟು ಹುಲ್ಲು, ಇಷ್ಟು ತರಗು, ಇದನ್ನು ಗುಡಿಸಬಾರದು, ಇದಕ್ಕೆ ಔಷಧಿ ಹೊಡೆಯಬಾರದು ಅಂತ ಕೈಯಿಂದ ಮುಟ್ಟಿ ತೋರಿಸಿ. ಹಾವಿನ ಮಾತು ಅವರು ಎತ್ತುವ ಮುಂಚೆ ನೀವೇ ಎತ್ತಿ. ಮನೆ, ಮಕ್ಕಳಿಂದ ದೂರದ ಮೂಲೆ ಕೇಳಿ, ನಡುವೆ ಒಂದು ತಂತಿಬೇಲಿ ನೀವೇ ಹಾಕಿಸಿಕೊಡಿ.

ಉಸಿರಿಗೆ ಕಷ್ಟವಿರುವವರನ್ನು ನೋಡಿಸಲು ಕರೆದೊಯ್ಯುವುದಾದರೆ, ಹಿಂದಿನ ದಿನ ನೀವೊಬ್ಬರೇ ಹೋಗಿ ಬನ್ನಿ. ಹೆಗಲ ಮೇಲೆ ಒಂದು ಅಕ್ಕಿಮೂಟೆ ಹೊತ್ತುಕೊಂಡು ಆ ಇಳಿಜಾರು ಇಳಿದು ಹತ್ತಿ ನೋಡಿ. ನಿಮಗೆ ಏದುಸಿರು ಬಂದರೆ ಆ ಜಾಗ ಬಿಡಿ, ಗಾಡಿ ಹುಲ್ಲಿನ ಪಕ್ಕಕ್ಕೇ ಹೋಗುವ ಬೇರೆ ಜಾಗ ಹುಡುಕಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ತಲುಪಿ. ಔಷಧಿ ನಿಮ್ಮ ಜೇಬಿನಲ್ಲಿರಲಿ, ಚೀಲದಲ್ಲಿ ಬೇಡ. ದೂರದಿಂದ ಕೂಗಿ ಮಾತಾಡಿಸಬೇಡಿ. ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿ.